ಮೂರನೇ ಕ್ಯಾಬಿನ್ನಿನ ಬಾಗಿಲು

2006ರ ಸೆಪ್ಟೆಂಬರಿನಲ್ಲಿ ಗುರುವಾಯನಕೆರೆಯ ಸೈಬರ್ ಸೆಂಟರೊಂದರ ಮೂರನೇ ಕ್ಯಾಬಿನ್ನಿನ ಬಾಗಿಲನ್ನು ಕಳಚಲಾಯಿತು. ಕಳಚಿಸಿದ್ದು ನಾನು.

ಆಗ ನನಗೆ ಮೂವತ್ತನಾಲ್ಕು. ಬೆಳ್ತಂಗಡಿಯ ವಾರಪತ್ರಿಕೆಯೊಂದರಲ್ಲಿ ವರದಿ ಬರೆಯುವುದು, ಕರಡು ತಿದ್ದುವುದು ಎರಡೂ ನನ್ನ ಕೆಲಸ. ಗಂಡ ಕುವೈತಿನ ಹೋಟೆಲಿನಲ್ಲಿ ಕೆಲಸಕ್ಕಿದ್ದರು. ಮನೆಯಲ್ಲಿ ನಾನು ಮತ್ತು ಮಾವ. ಪಿಯುಸಿ ಮುಗಿದ ವರ್ಷವೇ ಮದುವೆಯಾದದ್ದರಿಂದ ಡಿಗ್ರಿ ಆಗಿರಲಿಲ್ಲ. ಅದಕ್ಕಾಗಿ ಅಮೆರಿಕದ ಕಾಲೇಜೊಂದರ ಆನ್‌ಲೈನ್ ಕೋರ್ಸಿಗೆ ಸೇರಿದೆ. ಮೊದಲ ಪೇಪರ್ ಪಾಶ್ಚಾತ್ಯ ನಾಗರಿಕತೆಯ ಆರಂಭಕಾಲ: ಮೆಸೊಪೊಟೇಮಿಯಾ, ಈಜಿಪ್ಟ್, ಗ್ರೀಸ್, ರೋಮ್. ಅದರಲ್ಲಿ ಪಾಸಾದರೆ ಮಾತ್ರ ಮುಂದಿನದು. ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಹಾಗಾಗಿ ದಿನಾ ಸಂಜೆ ನಾಲ್ಕೂವರೆಯಿಂದ ಐದೂವರೆಯವರೆಗೆ ಆ ಕ್ಯಾಬಿನ್ನಿನಲ್ಲಿ ಕೂರುತ್ತಿದ್ದೆ.

ಮೂರನೇ ವಾರಕ್ಕೆ ಮಾತು ಹುಟ್ಟಿತು. ಗಂಡ ಊರಲ್ಲಿಲ್ಲದವಳು ಬಾಗಿಲು ಹಾಕಿಕೊಂಡು ದಿನಾ ಯಾರೊಂದಿಗೆ ಚಾಟ್ ಮಾಡುತ್ತಾಳೆ ಎಂಬುದು ಪ್ರಶ್ನೆ. ಅದು ಮಾವನ ಕಿವಿಗೂ ಬಿತ್ತು.

"ನಾಳೆಯಿಂದ ಅಲ್ಲಿಗೆ ಹೋಗುವುದು ಬೇಡ," ಎಂದರು.

"ಯಾರು ನೋಡಿದ್ದಂತೆ ಮಾವ?"

"ಎಲ್ಲರೂ ಹೇಳ್ತಾರೆ."

"ಎಲ್ಲರೂ ಅಂತ ಬರ್ಕೊಂಡು ಬಂದ್ರೆ ನಮ್ಮ ಪೇಪರಲ್ಲಿ ಹಾಕುವುದಿಲ್ಲ. ಹೆಸರು ಬೇಕು."

"ಇದು ನಿನ್ನ ಪೇಪರ್ ಅಲ್ಲ ಮಾರಾಯ್ತಿ, ಮನೆ."

ಮರುದಿನವೂ ಹೋದೆ. ಸೈಬರಿನ ಮಾಲೀಕರು ದುಬೈಯಿಂದ ಮರಳಿದ್ದ ಬ್ಯಾರಿ ಮುಸ್ಲಿಮರು. ನಾವೆಲ್ಲ ಕಾಕ ಎನ್ನುತ್ತಿದ್ದೆವು.

"ಕಾಕ, ಈ ಬಾಗಿಲು ತೆಗೆಯುವ. ಕಂಪ್ಯೂಟರನ್ನು ರಸ್ತೆ ಬದಿಗೆ ತಿರುಗಿಸುವ."

"ಬಾಗಿಲು ತೆಗೆದ್ರೆ ಗಿರಾಕಿ ಬರ್ಲಿಕ್ಕಿಲ್ಲ ಅಕ್ಕ. ಕೆಲವರು ಬರುವುದೇ ಬಾಗಿಲಿಗೆ."

"ಇದೊಂದರದ್ದು ಸಾಕು."

ಅವರು ಸ್ಕ್ರೂಡ್ರೈವರ್ ತಂದರು. ಎದುರಿಗೇ ಮೂಡುಬಿದಿರೆ ಬಸ್ಸಿಗೆ ಕಾಯುವವರು ನಿಲ್ಲುವ ಜಾಗ. ಅಂದಿನಿಂದ ನನ್ನ ಪಾಠ ಅವರಿಗೂ ಕಾಣುತ್ತಿತ್ತು. ಈಜಿಪ್ಟ್ ಮುಗಿಯುವವರೆಗೆ ಯಾರದ್ದೂ ತಕರಾರಿರಲಿಲ್ಲ. ಪಿರಮಿಡ್ಡಿನ ದಿನ ಕಂಡಕ್ಟರೊಬ್ಬ ಹತ್ತಿರ ಬಂದು ನೋಡಿ, ಸೀಟಿ ಊದಿ ಹೋದ.

ಅಕ್ಟೋಬರಿನಲ್ಲಿ ಗ್ರೀಸ್ ಬಂತು. ಪ್ರಾಚೀನ ಗ್ರೀಕ್ ಯುವಕನ ಕಲ್ಲಿನ ವಿಗ್ರಹವೊಂದನ್ನು ಗಮನಿಸಿ ನೋಡಿ, ಕಂಡದ್ದನ್ನು ಬರೆಯಬೇಕು. ಲೈನ್ ನಿಧಾನವಾಗಿತ್ತು. ಚಿತ್ರ ಮೇಲಿನಿಂದ ಕೆಳಕ್ಕೆ ಗೆರೆ ಗೆರೆಯಾಗಿ ಇಳಿಯತೊಡಗಿತು. ತಲೆ, ಕುತ್ತಿಗೆ, ಎದೆ. ಹೊಟ್ಟೆಯವರೆಗೆ ಬರುವಾಗ ಸೈಬರಿನ ಹೊರಗೆ ಐದಾರು ಮಂದಿ ಸೇರಿದ್ದರು.

"ಪಂಚೆ ಬರ್ಲಿಕ್ಕೆ ಇನ್ನೂ ಲೇಟ್ ಉಂಟಾ?" ಒಬ್ಬ ಕೇಳಿದ. ಉಳಿದವರು ನಕ್ಕರು.

"ನಿಲ್ಲಿಸುವುದಾ ಅಕ್ಕ?" ಕಾಕ ಮೆಲ್ಲಗೆ ಕೇಳಿದರು.

ನಿಲ್ಲಿಸಿದರೆ ಊರಿನ ಆ ಮಾತಿಗೆ ನಾನೇ ಸಹಿ ಹಾಕಿದ ಹಾಗೆ. "ಬರಲಿ," ಎಂದೆ. ಪಂಚೆ ಬರಲಿಲ್ಲ. ನಾನು ನೋಟ್ಸ್ ಬರೆದು ಐದೂವರೆಗೆ ಎದ್ದೆ.

ಮರುದಿನ ನಾನು ತಲುಪುವಾಗ ಮಾವ ಸೈಬರಿನ ಬೆಂಚಿನಲ್ಲಿ ಕುಳಿತಿದ್ದರು. ಕೊಡೆ ಮಡಿಚಿ ತೊಡೆಯ ಮೇಲಿಟ್ಟಿದ್ದರು. ನಾನು ಅದೇ ಚಿತ್ರವನ್ನು ತೆರೆದೆ. ಅದು ಪೂರ್ತಿ ಇಳಿಯುವವರೆಗೆ ಅವರು ನೋಡಿದರು.

"ಹೆಂಗಸರು ನೋಡುವಂಥದ್ದಾ ಇದು?"

"ಮದುವೆಯಾದ ವರ್ಷ ನೀವೇ ನನ್ನನ್ನು ವೇಣೂರಿಗೆ ಕರ್ಕೊಂಡು ಹೋಗಿದ್ರಿ. ಗೊಮ್ಮಟನಿಗೆ ಕೈ ಮುಗಿ ಅಂದ್ರಿ. ಕಣ್ಣು ಮುಚ್ಚು ಅನ್ಲಿಲ್ಲ."

"ಅದು ದೇವರು."

"ಇದು ಪಾಠ. ಇದನ್ನು ನೋಡದೆ ಬರೆದ್ರೆ ಫೇಲ್. ನಾನು ಫೇಲ್ ಆಗುವುದಿಲ್ಲ ಮಾವ. ನಾಳೆಯೂ ಬರ್ತೇನೆ."

ಮೂಡುಬಿದಿರೆ ಬಸ್ಸು ಬಂತು, ಹೋಯಿತು. ಮಾವ ಕನ್ನಡಕ ಸರಿಮಾಡಿಕೊಂಡರು.

"ನಿಂತದ್ದು ಮಾತ್ರ ಹಾಗೇ ಉಂಟು. ಕೈ ಇಳಿಬಿಟ್ಟು."

"ಇವನದ್ದು ಒಂದು ಕಾಲು ಮುಂದೆ. ಗೊಮ್ಮಟನದ್ದು ಎರಡೂ ಜೊತೆಗೆ."

"ಸರಿಯಾಗಿ ನೋಡಿದ್ದೀಯಾ? ಯಾರೋ ಹೇಳಿದ್ದಾ?"

ನನ್ನ ಪ್ರಶ್ನೆಯನ್ನು ನನಗೇ ಕೇಳಿದ್ದರು. ಹದಿನಾರು ವರ್ಷದ ಹಿಂದೆ ಒಮ್ಮೆ ನೋಡಿದ್ದು. ಖಚಿತವಾಗಿ ಹೇಳುವ ಹಾಗಿರಲಿಲ್ಲ.

"ಹಾಗಾದ್ರೆ ಹೋಗಿ ನೋಡುವ," ಎಂದರು.

ಆ ಭಾನುವಾರ ಇಬ್ಬರೂ ಬಸ್ಸು ಹತ್ತಿ ವೇಣೂರಿಗೆ ಹೋದೆವು. ಪಾದಗಳೆರಡೂ ಸಮನಾಗಿ, ಜೊತೆಗಿದ್ದವು. ಮಾವ ಮೊದಲು ಕೈ ಮುಗಿದರು. ಆಮೇಲೆ ಬಗ್ಗಿ ಮತ್ತೊಮ್ಮೆ ನೋಡಿದರು.

ಆ ವ್ಯತ್ಯಾಸವನ್ನು ಪ್ರಬಂಧದಲ್ಲಿ ಬರೆದೆ. ವೇಣೂರಿನ ವಾಕ್ಯದ ಪಕ್ಕದಲ್ಲಿ ಅಧ್ಯಾಪಕರು ಆಧಾರ ಏನೆಂದು ಕೇಳಿದ್ದರು. ಸ್ವತಃ ನೋಡಿದ್ದು, ಜೊತೆಗೆ ಮಾವ ಇದ್ದರು ಎಂದು ಉತ್ತರಿಸಿದೆ. ಪುಸ್ತಕದ ಆಧಾರವಿಲ್ಲವೆಂದು ಎರಡು ಅಂಕ ಕಳೆದರು. ವಾಕ್ಯವನ್ನು ನಾನು ತೆಗೆಯಲಿಲ್ಲ.

ಡಿಸೆಂಬರಿನಲ್ಲಿ ಫಲಿತಾಂಶ ಬಂತು: ಬಿ ಗ್ರೇಡ್. 2007ರ ಜನವರಿಯಲ್ಲಿ ಎರಡನೇ ಪೇಪರಿಗೆ ಹೆಸರು ನೋಂದಾಯಿಸಿದೆ. ಆಗ ಒಂದು ಮತ್ತು ಎರಡನೇ ಕ್ಯಾಬಿನ್ನಿಗೆ ಬಾಗಿಲಿತ್ತು. ಮೂರನೆಯದಕ್ಕೆ ಇರಲಿಲ್ಲ.