ಓಟಿನ ಕಾಲಂ ಖಾಲಿ ಬಿಟ್ಟವರು

ದೋಹಾದ ಅಲ್ ಸದ್ದ್‌ನಲ್ಲಿ ಬೆಳಗಿನ ಐದು ಗಂಟೆ. ಟೈಪಿಂಗ್ ಸೆಂಟರಿನ ಅರ್ಧ ಎತ್ತಿದ ಶಟರಿನೊಳಗೆ ಕುಳಿತ ಪರ್ಪೆಚುವಾ ಬಾಯಿ 1837ರ ಇಂಗ್ಲೆಂಡಿನಲ್ಲಿದ್ದಾರೆ. ಅಲ್ಲಿನ ಪುಟ್ಟ ಪಟ್ಟಣವೊಂದರಲ್ಲಿ ಪಾರ್ಲಿಮೆಂಟ್ ಚುನಾವಣೆ. ಕಟುಕ, ಬಡಗಿ, ಮೋಚಿ ಎಂದು ಮತದಾರರ ಹೆಸರು, ಕಸುಬುಗಳನ್ನು ಅವರ ಬೆರಳುಗಳು ಪಟಪಟನೆ ಕಂಪ್ಯೂಟರಿಗೆ ಇಳಿಸುತ್ತಿವೆ. ಏಳಕ್ಕೆ ವೀಸಾ ಫಾರಂನವರ ಸಾಲು ಶುರು. ದಿನಕ್ಕೆ ಅರವತ್ತು ಫಾರಂ ಮುಗಿಸಬೇಕಾದವರಿಗೆ ಈ ಕೆಲಸಕ್ಕೆ ಉಳಿಯುವುದು ಮುಂಜಾವು ಮಾತ್ರ.

ಉಡುಪಿ ಕಡೆಯ ಶಿರ್ವದ ಪರ್ಪೆಚುವಾ ಗಂಡ ತೀರಿಕೊಂಡ ವರ್ಷವೇ ಪುಟ್ಟ ಮಗಳನ್ನು ತಂಗಿಯ ಮಡಿಲಿಗೆ ಹಾಕಿ ವಿಮಾನ ಹತ್ತಿದವರು. ಈಗ, 2008ಕ್ಕೆ, ಹದಿನೆಂಟು ವರ್ಷ. ದೋಹಾದಾಚೆಯ ಕಾರ್ಖಾನೆ ಪಟ್ಟಣ ಮೆಸಯೀದ್‌ನ ಇಂಗ್ಲಿಷ್ ಇಂಜಿನಿಯರ್ ಒಬ್ಬರು ತಮ್ಮೂರಿನ ಚರಿತ್ರೆ ಬರೆಯುತ್ತಿದ್ದಾರೆ. ಹಳೆಯ ಮತದಾನ ಪುಸ್ತಕಗಳನ್ನು ಟೈಪು ಮಾಡಲು ಕೊಟ್ಟವರು ಅವರೇ.

ಮೊದಲ ಇನ್ನೂರು ಹೆಸರು ನೋಡಿ ಇಂಜಿನಿಯರ್ ಕಂಗಾಲು. ಯಾರು ಯಾರಿಗೆ ಓಟು ಹಾಕಿದರೆಂಬ ಕಾಲಂ ಪೂರ್ತಿ ಖಾಲಿ!

“ನಾನೇ ಬಿಟ್ಟದ್ದು ಮಾರಾಯ್ರೆ,” ಪರ್ಪೆಚುವಾ ನಗುತ್ತಾರೆ. “ನನ್ನ ಮಮ್ಮಿ ಯಾರಿಗೆ ಹಾಕಿದ್ದು ಅಂತ ಪಪ್ಪನಿಗೂ ಹೇಳ್ತಿರ್ಲಿಲ್ಲ. ಪಾಪ, ಸತ್ತವರ ಗುಟ್ಟು ನಾನ್ಯಾಕೆ ಊರಿಗೆಲ್ಲ ಹಂಚ್ಬೇಕು?”

ಇಂಥ ತಪ್ಪು ಮಾಡಲಿಕ್ಕೂ ಒಂದು ಸಂಸ್ಕಾರ ಬೇಕು. ಆದರೆ ಆ ಕಾಲದಲ್ಲಿ ಗುಟ್ಟೇ ಇರಲಿಲ್ಲವಂತೆ. ಓಟಿದ್ದದ್ದು ಸ್ವಂತದ್ದೋ ಬಾಡಿಗೆಯದ್ದೋ ಮನೆ, ಮಳಿಗೆ ಇರುವ ಗಂಡಸರಿಗಷ್ಟೇ. ಅದನ್ನೂ ಎಲ್ಲರೆದುರು, ಮನೆಯ ಧಣಿ ನೋಡುತ್ತಿರುವಾಗಲೇ ಕೂಗಿ ಹೇಳಬೇಕು.

ಇನ್ನೂರು ಸಾಲನ್ನೂ ಮತ್ತೆ ತುಂಬುವಾಗ ಒಬ್ಬ ಮೋಚಿ ಸಿಕ್ಕಿದ. ಧಣಿಯ ಕಡೆಯ ಅಭ್ಯರ್ಥಿಯನ್ನು ಬಿಟ್ಟು ಎದುರಾಳಿಯ ಹೆಸರು ಹೇಳಿದವನು. 1841ರ ಪಟ್ಟಿಯಲ್ಲಿ ಅವನ ಸುಳಿವಿಲ್ಲ. ಧಣಿ ಅವನನ್ನು ಮನೆ ಬಿಡಿಸಿದ್ದನೆಂದು ಇಂಜಿನಿಯರ್ ಹೇಳಿದರು. ಮನೆ ಹೋದದ್ದೇ ಓಟೂ ಹೋಯಿತು.

“ಆ ದಿನ ನನಗೆ ಟೀ ಸೇರ್ಲಿಲ್ಲ,” ಎನ್ನುತ್ತಾರೆ ಪರ್ಪೆಚುವಾ. “ಊರಲ್ಲಿಲ್ಲ ಅಂತ ನನ್ನ ಹೆಸರನ್ನೂ ಪಟ್ಟಿಯಿಂದ ತೆಗೆದಿದ್ದಾರೆ. ಹೋದ್ರೆ ಹೋಗ್ಲಿ ಅಂತ ಸುಮ್ಮನಿದ್ದೆ ನೋಡಿ, ಇಷ್ಟು ವರ್ಷ!”

ಇನ್ನು ಸುಮ್ಮನಿರುವುದಿಲ್ಲ. ಊರಲ್ಲೇ ನೆಲೆಸಿದವರ ಹೆಸರಷ್ಟೇ ಪಟ್ಟಿಗೆ ಸೇರುವುದು; ಬರುವ ವರ್ಷದ ಲೋಕಸಭೆ ಚುನಾವಣೆಗೆ ಮೊದಲೇ ಹೆಸರು ಸೇರಿಸಬೇಕೆಂದು ವೀಸಾ ಕ್ಯಾನ್ಸಲ್ ಮಾಡಿಸಿ ಊರಿಗೆ ಹೊರಟಿದ್ದಾರೆ. ಮಗಳು ಫೋನಿನಲ್ಲಿ ಗದರುತ್ತಾಳೆ: “ಒಂದು ಓಟಿಗೋಸ್ಕರ ಯಾರಾದ್ರೂ ಕೆಲಸ ಬಿಡ್ತಾರಾ ಮಮ್ಮಿ?”

ಪರ್ಪೆಚುವಾ ಕನ್ನಡಕ ಒರೆಸಿಕೊಳ್ಳುತ್ತಾರೆ.

“ಆ ಮೋಚಿ ಓಟಿಗೋಸ್ಕರ ಮನೆ ಕಳ್ಕೊಂಡ. ನಾನು ಓಟಿಗೋಸ್ಕರ ಮನೆಗೆ ಹೋಗುವುದು, ಅಷ್ಟೇ ಅಲ್ವಾ?”