ಸ್ಟೇಜು ಹತ್ತದ ಸಂಗೀತ ಟೀಚರು

ಅಟ್ಟದಿಂದ ಮುಂಡುಗದ ಚಾಪೆಯನ್ನು ಇಳಿಸಿ ಬಿಡಿಸಿದೆ. ಒಣಗಿದ ಓಲೆಯ ವಾಸನೆ, ಅದರ ಜೊತೆಗೆ ಸ್ವಲ್ಪ ಸೀಮೆಎಣ್ಣೆಯದ್ದೂ. ಇಷ್ಟು ವರ್ಷದ ಮೇಲೆ ಸೀಮೆಎಣ್ಣೆ ವಾಸನೆ ಉಳಿದಿರಲು ಸಾಧ್ಯವೇ ಇಲ್ಲ ಎಂದು ಮಗ ಹೇಳುತ್ತಾನೆ. ಅವನ ಮೂಗಿಗೇನು ಗೊತ್ತು... ನನಗಂತೂ ಆ ವಾಸನೆಯ ಹಿಂದೆಯೇ ನಮ್ಮ ಸಂಗೀತ ಟೀಚರು ಬಂದು ಕೂತರು.

ಅರುವತ್ತರ ದಶಕದ ಮೊದಲ ವರ್ಷಗಳು. ಸುಳ್ಯದ ಕಡೆಯ ಒಂದು ಹೈಸ್ಕೂಲಿನಲ್ಲಿ ಅವರು ಸಂಗೀತ ಟೀಚರು, ನಾನು ಹೊಲಿಗೆ ಟೀಚರು. ಲೆಕ್ಕ, ವಿಜ್ಞಾನ ಕಲಿಸುವವರ ಎದುರು ನಾವಿಬ್ಬರೂ ಎಲೆಯ ತುದಿಯ ಉಪ್ಪಿನಕಾಯಿ. ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ಊಟ ನಡೆಯುತ್ತದೆ. ಒಂದೇ ಬಾಡಿಗೆ ಮನೆಯಲ್ಲಿದ್ದೆವು. ಬೆಳಿಗ್ಗೆ ಅವರು ದೋಸೆ ಹೊಯ್ಯುತ್ತ ಹಾಡತೊಡಗಿದರೆ ಪಕ್ಕದ ಮನೆಯ ಅರೆಯುವ ಕಲ್ಲಿನ ಸದ್ದು ನಿಲ್ಲುತ್ತಿತ್ತು. ದೋಸೆ ಸೀದು ಹೋಗುತ್ತಿತ್ತು. ಬಯ್ಯುವುದು ನನ್ನ ಪಾಲಿನ ಕೆಲಸ.

ಅಂಥವರಿಗೆ ಸ್ಟೇಜು ಎಂದರೆ ಜೀವ ಹೋಗುತ್ತಿತ್ತು. ಹಿಂದಿನ ವರ್ಷದ ವಾರ್ಷಿಕೋತ್ಸವದಲ್ಲಿ, ಡೆಸ್ಕುಗಳನ್ನು ಜೋಡಿಸಿ ಕಟ್ಟಿದ ಸ್ಟೇಜಿನ ಮೇಲೆ ಪ್ರಾರ್ಥನೆ ಹಾಡುವಾಗ ಎರಡನೆಯ ಸಾಲಿಗೇ ಅವರ ಸ್ವರ ನಿಂತುಹೋಗಿತ್ತು. ಹಾಡಲಾರದ ಸಂಗೀತ ಟೀಚರು ನಮಗೆ ಯಾಕೆ ಎಂದು ಶಾಲೆಯ ಕಮಿಟಿಯಲ್ಲಿ ಮಾತು ಎದ್ದಿತು. ಪುತ್ತೂರಿನಲ್ಲಿ ಅವರ ತಾಯಿ, ಓದುತ್ತಿದ್ದ ತಮ್ಮ, ಇಬ್ಬರೂ ಆ ಕೆಲಸವನ್ನೇ ನಂಬಿದ್ದರು.

ಈ ನಡುವೆ ಹೆಡ್‌ಮಾಸ್ಟರು ಊರವರನ್ನು ಕಾಡಿ ಬೇಡಿ ಕೆಂಪುಕಲ್ಲಿನ ಹೊಸ ಸ್ಟೇಜು ಕಟ್ಟಿಸಿದರು. ಎದೆಮಟ್ಟದ ಎತ್ತರ. ಕ್ಲಾಸಿನ ಮಾಡು ಸೋರುತ್ತಿದ್ದ ಕಾಲ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಎಂದು ಕೆಲವರು ನಕ್ಕರು. ಕಮಿಟಿಯಲ್ಲೂ ಇದ್ದ ಜವಳಿ ಅಂಗಡಿಯ ಬ್ಯಾರಿ ಸಾಹೇಬರು ಕೊಟ್ಟ ನೀಲಿ ಬಟ್ಟೆಯಲ್ಲಿ ಪರದೆ ಹೊಲಿದವಳು ನಾನೇ ಆದ್ದರಿಂದ ನಾನು ನಗಲಿಲ್ಲ. ಉದ್ಘಾಟನೆಗೆ ಸಂಗೀತ ಟೀಚರ ಹಾಡು ಎಂದು ಹೆಡ್‌ಮಾಸ್ಟರು ನಿಶ್ಚಯಿಸಿದರು. ಈ ಸಲವೂ ಸ್ವರ ನಿಂತರೆ ಕಮಿಟಿಯನ್ನು ತಡೆಯುವುದು ತನ್ನಿಂದಾಗದು ಎಂದೂ ಹೇಳಿದರು.

ಹಿಂದಿನ ಸಂಜೆ ನಾವಿಬ್ಬರು ಹೋಗಿ ನೋಡಿದೆವು. ಸ್ಟೇಜಿನ ಎದುರಿಗೇ ಗ್ಯಾಸ್‌ಲೈಟು ಉರಿಯುತ್ತಿತ್ತು. ಅವರು ತಮ್ಮ ಚಾಪೆ ಹಾಸಿ, ಶ್ರುತಿಪೆಟ್ಟಿಗೆ ಹಿಡಿದು ಬಾಯಿ ತೆರೆದರು. ಏನೂ ಬರಲಿಲ್ಲ. ನಾಳೆ ಜನರನ್ನು ನೋಡಲೇಬೇಡಿ, ಕಣ್ಣು ಮುಚ್ಚಿ ಹಾಡಿ ಎಂದು ನಾನು ಬುದ್ಧಿ ಹೇಳಿದೆ.

“ಜನರನ್ನು ನೋಡಿ ಹೆದರುದಲ್ಲ ಟೀಚರೇ,” ಎಂದರು. “ಇಲ್ಲಿಂದ ಜನ ಕಾಣುದೇ ಇಲ್ಲ. ನನ್ನ ಮುಖಕ್ಕೆ ಬೆಳಕು, ಆಚೆ ಕತ್ತಲೆ. ಬಾವಿಗೆ ಹಾಡಿದ ಹಾಗೆ ಆಗ್ತದೆ. ಯಾರಿಗೆ ಅಂತ ಹಾಡುದು?”

ನನಗೆ ಅದುವರೆಗೆ ಹೊಳೆದಿರಲಿಲ್ಲ. ಅಡಿಗೆಮನೆಯಲ್ಲಿ ಅವರು ಹಾಡುವಾಗ ನಾನು ಎದುರು ಕೂತು ತೆಂಗಿನಕಾಯಿ ತುರಿಯುತ್ತಿದ್ದೆ. ಕ್ಲಾಸಿನಲ್ಲಿ ಮಕ್ಕಳು ಅವರ ಸುತ್ತ ಒತ್ತಿ ಕೂರುತ್ತಿದ್ದರು. ಕೇಳುವವರ ಮುಖ ನೋಡಿಯೇ ಅವರು ಹಾಡನ್ನು ಬೆಳೆಸುತ್ತಿದ್ದುದು. ಕೆಳಗೆ ಬನ್ನಿ ಎಂದೆ. ಮೈದಾನದಲ್ಲಿ ಚಾಪೆ ಹಾಸಿದೆವು, ನಾನು ಎದುರು ಕೂತೆ. ಸ್ವರ ಬಂತು.

ಸಂಗೀತ ಟೀಚರು ನೆಲದಲ್ಲಿ ಕೂತು ಹಾಡುತ್ತಾರೆ ಎಂದಾಗ ಹೆಡ್‌ಮಾಸ್ಟರ ಮುಖ ಕಪ್ಪಿಟ್ಟಿತು. “ಹಾಗಾದ್ರೆ ಈ ಸ್ಟೇಜು ಎಂತಕ್ಕೆ, ಅಡಿಕೆ ಒಣಗಿಸ್ಲಿಕ್ಕಾ?” ಎಂದರು. ಬಯಲಾಟದವರು ಕುಣಿಯುವುದು ಗದ್ದೆಯ ನೆಲದಲ್ಲೇ, ಅದನ್ನು ಬೆಳಗಿನವರೆಗೆ ಕೂತು ನೋಡುವವರಲ್ಲಿ ನೀವೇ ಮೊದಲಿಗರು ಎಂದು ನಾನು ನೆನಪಿಸಿದೆ. ನನ್ನ ಬಾಯಿಗೆ ಅವರು ಮೊದಲೇ ಹೆದರುತ್ತಿದ್ದರು. ಒಪ್ಪಿದೆ ಎನ್ನಲಿಲ್ಲ, ಆಗದು ಎಂದೂ ಎನ್ನಲಿಲ್ಲ. ನಾನು ಗ್ಯಾಸ್‌ಲೈಟನ್ನು ಅಲ್ಲಿಂದ ತೆಗೆಸಿ, ಜನ ಕೂರುವಲ್ಲಿನ ಮಾವಿನ ಕೊಂಬೆಗೆ ಕಟ್ಟಿಸಿದೆ. ಅದಕ್ಕೆ ಸೀಮೆಎಣ್ಣೆ ತುಂಬಿಸುವಾಗ ಅವರ ಚಾಪೆಯ ಮೇಲೆ ಚೆಲ್ಲಿ ಬೈಸಿಕೊಂಡವಳೂ ನಾನೇ.

ಮರುದಿನ ಭಾಷಣಗಳು ಮುಗಿದವು. ಕಮಿಟಿಯವರು ಸ್ಟೇಜಿನ ಕುರ್ಚಿಗಳಲ್ಲಿ ಕೂತೇ ಇದ್ದರು. ಟೀಚರು ಕೆಳಗೆ, ಸ್ಟೇಜಿಗೆ ಬೆನ್ನು ಹಾಕಿ, ಮಕ್ಕಳ ಎದುರು ಚಾಪೆ ಹಾಸಿಕೊಂಡರು. ಮುಂದಿನ ಸಾಲಿನ ಹುಡುಗಿಯರ ಮುಖಗಳನ್ನು ಒಂದೊಂದಾಗಿ ನೋಡಿದರು, ಕೊನೆಗೆ ನನ್ನ ಮುಖ. ಆಮೇಲೆ ಹಾಡಿದರು... ಎರಡನೆಯ ಸಾಲು ದಾಟಿತು. ನನಗೆ ಅಳುವೇ ಬಂತು.

ಮೇಲಿದ್ದವರಿಗೆ ಕಂಡದ್ದು ಅವರ ತುರುಬು ಮಾತ್ರ. ಮೊದಲು ಎದ್ದವರು ಬ್ಯಾರಿ ಸಾಹೇಬರು. “ಇಲ್ಲಿ ಕೂತ್ರೆ ತಲೆ ಮಾತ್ರ ಕಾಣುದು ಮಾಷ್ಟ್ರೆ, ನಾನು ಕೆಳಗೆ ಹೋಗ್ತೇನೆ,” ಎಂದು ಮೆಲ್ಲಗೆ ಹೇಳಿ ಇಳಿದು, ಬಿಳಿ ಪಂಚೆಗೆ ಮಣ್ಣಾಗುವುದನ್ನೂ ನೋಡದೆ ಮಕ್ಕಳ ನಡುವೆ ಕೂತರು. ಹಿಂದೆಯೇ ಉಳಿದವರೂ ಇಳಿದರು. ಖಾಲಿ ಕುರ್ಚಿಗಳ ನಡುವೆ ಹೆಡ್‌ಮಾಸ್ಟರು ಸ್ವಲ್ಪ ಹೊತ್ತು ಒಬ್ಬರೇ ಬಿಗಿಯಾಗಿ ಕೂತಿದ್ದರು. ಕೊನೆಗೆ ಅವರೂ ಬಂದರು. ಬೇರೆಲ್ಲೂ ಜಾಗ ಸಿಗದೆ ಟೀಚರ ಚಾಪೆಯ ತುದಿಯಲ್ಲೇ ಕೂತು, ತೊಡೆಯ ಮೇಲೆ ತಾಳ ಹಾಕತೊಡಗಿದರು. ಕಮಿಟಿಯಲ್ಲಿ ಆ ಮಾತು ಮತ್ತೆ ಏಳಲಿಲ್ಲ.

ಮದುವೆಯಾಗಿ ನಾನು ಆ ಮನೆ ಬಿಡುವಾಗ ಚಾಪೆಯನ್ನು ನನಗೆ ಕೊಟ್ಟರು. ಎದುರು ಕೂರುವವಳೇ ಹೋದ ಮೇಲೆ ನನಗಿದು ಯಾಕೆ ಎಂದು ನಕ್ಕರು. ಆಮೇಲೆ ಭೇಟಿ ಕಡಿಮೆಯಾಯಿತು... ಅವರು ತೀರಿಕೊಂಡದ್ದು ನನಗೆ ತಿಳಿದದ್ದೂ ತಡವಾಗಿ. ಅವರ ಹಾಡನ್ನು ಯಾರೂ ರೆಕಾರ್ಡು ಮಾಡಿಡಲಿಲ್ಲ. ಮುಖ ಚೆನ್ನಾಗಿ ನೆನಪಿದೆ. ಸ್ವರ ಈಗೀಗ ಜಾರುತ್ತಿದೆ, ಅದೇ ನನಗೆ ಸಂಕಟ.

ಇಂದು ಚಾಪೆ ಇಳಿಸಿದ್ದು ಮೊಮ್ಮಗಳಿಗಾಗಿ. ನಾಳೆ ಪುತ್ತೂರಿನ ಒಂದು ದೊಡ್ಡ ಹಾಲಿನಲ್ಲಿ ಅವಳ ಹಾಡು. ಅಲ್ಲಿ ಅಭ್ಯಾಸ ಮುಗಿಸಿ ಬಂದವಳು ಊಟ ಮುಟ್ಟಲಿಲ್ಲ. “ಲೈಟು ಕಣ್ಣಿಗೇ ಹೊಡೀತದೆ ಅಜ್ಜಿ, ಎದುರು ಯಾರೂ ಕಾಣುದಿಲ್ಲ,” ಎಂದಳು. ನಾಳೆ ನಾನೂ ಹೋಗಿ, ಜನರ ಕಡೆಯ ಲೈಟು ಆರಿಸದಂತೆ ಅಲ್ಲಿಯವರಿಗೆ ಹೇಳಬೇಕು. ನನ್ನ ಬಾಯಿಗೆ ಈಗಲೂ ಜನ ಹೆದರುತ್ತಾರೆ.

ಚಾವಡಿಯಲ್ಲಿ ಚಾಪೆ ಹಾಸಿ ಅವಳನ್ನು ಕೂರಿಸಿದೆ. ಮೊಣಕಾಲು ನೋವಾದರೂ ನಾನು ಎದುರು ಕೂತೆ. ನನ್ನ ಮುಖವನ್ನೇ ನೋಡುತ್ತ ಹುಡುಗಿ ಹಾಡಿದಳು, ಚೆನ್ನಾಗಿಯೇ ಹಾಡಿದಳು. ಟೀಚರು ಇದ್ದಿದ್ದರೆ ನನ್ನ ಪಕ್ಕದಲ್ಲಿ ಕೂರುತ್ತಿದ್ದರು. ಅವಳಿಗೆ ನೋಡಲು ಇನ್ನೊಂದು ಮುಖ ಇರುತ್ತಿತ್ತು.