ಸಾಕಮ್ಮನ ಹಂದಿ ಕೊಟ್ಟಿಗೆಗೆ ಜ್ವರ ಹೊಕ್ಕ ದಾರಿ

2006ನೇ ಇಸವಿ. ನಾನಾಗ ಚನ್ನಪಟ್ಟಣ ತಾಲ್ಲೂಕಿನಲ್ಲಿ ಪಶುವೈದ್ಯಾಧಿಕಾರಿ. ಕೆಲಸಕ್ಕೆ ಸೇರಿ ಹನ್ನೊಂದು ವರ್ಷವಾಗಿತ್ತು. ದಿನದ ಬಹುಪಾಲು ಹಸುಗಳ ಕೆಲಸವೇ: ಕೆಚ್ಚಲು ಬಾವು, ಗರ್ಭ ಪರೀಕ್ಷೆ, ಕಷ್ಟದ ಹೆರಿಗೆ. ಹಂದಿಗಳು ನನ್ನ ರಿಜಿಸ್ಟರಿನಲ್ಲಿ ಅಪರೂಪಕ್ಕೆ ಕಾಣಿಸುತ್ತಿದ್ದವು. ಆ ವರ್ಷಗಳಲ್ಲಿ ಅದು ಬದಲಾಗತೊಡಗಿತ್ತು. ಬಿಡದಿಯ ಕಡೆ ಕಾರ್ಖಾನೆಗಳು ಒಂದರ ಹಿಂದೊಂದು ಎದ್ದವು. ಅವುಗಳಿಗೆ ಕ್ಯಾಂಟೀನುಗಳು, ಹೆದ್ದಾರಿಯುದ್ದಕ್ಕೂ ಹೋಟೆಲುಗಳು ಬಂದವು. ಅಲ್ಲಿ ಮಿಕ್ಕ ಅನ್ನ, ಸಾರನ್ನು ಡ್ರಮ್ಮುಗಳಲ್ಲಿ ತಂದು ಬಿಳಿ ಹಂದಿ ಸಾಕುವವರು ನನ್ನ ವ್ಯಾಪ್ತಿಯಲ್ಲೇ ಏಳು ಜನರಾದರು.

ಅವರಲ್ಲಿ ಬೈರಾಪಟ್ಟಣದ ಕಡೆಯ ಸಾಕಮ್ಮ ಒಬ್ಬರು. ನಲವತ್ತೈದರ ಹೆಂಗಸು. ಗಂಡ ರಾಜಣ್ಣ ಕಾರ್ಖಾನೆಯೊಂದರಲ್ಲಿ ಪಾಳಿಯ ಕೆಲಸಕ್ಕೆ ಹೋಗುತ್ತಿದ್ದರು. ಇಪ್ಪತ್ತು ವರ್ಷ ರೇಷ್ಮೆ ಹುಳು ಸಾಕಿದ ಉದ್ದನೆಯ ಮನೆಯನ್ನೇ ಸಾಕಮ್ಮ ಹಂದಿ ಕೊಟ್ಟಿಗೆ ಮಾಡಿಕೊಂಡಿದ್ದರು. ಆರು ತಾಯಿ ಹಂದಿ, ಒಂದು ಗಂಡು, ಮೂವತ್ತೆಂಟು ಮರಿಗಳು. ಕ್ಯಾಂಟೀನಿನಿಂದ ಬಂದ ಆಹಾರವನ್ನು ಅವರು ಹಂಡೆಯಲ್ಲಿ ಕುದಿಸದೆ ಒಂದು ದಿನವೂ ಹಾಕಿದ್ದಿಲ್ಲ. ಮೂರು ವರ್ಷದಿಂದ ಹೊರಗಿನ ಒಂದು ಹಂದಿಯನ್ನೂ ಕೊಂಡು ತಂದಿರಲಿಲ್ಲ. ಸಾಕುವವರಿಗೆ ನಾನು ಹೇಳುತ್ತಿದ್ದ ಎಲ್ಲವನ್ನೂ ಮಾಡುತ್ತಿದ್ದವರು ಅವರೊಬ್ಬರೇ.

ಜೂನ್ ತಿಂಗಳ ಒಂದು ಸೋಮವಾರ ಬೆಳಿಗ್ಗೆ ಹೊಂಗನೂರಿನ ಕಡೆಯಿಂದ ಶಿವಣ್ಣ ಎಂಬುವವರ ಕರೆ ಬಂತು. ಅವರೂ ಹಂದಿ ಸಾಕುವವರು. ಹೋಗಿ ನೋಡಿದರೆ ನಾಲ್ಕು ಹಂದಿಗಳು ಮೂಲೆಯಲ್ಲಿ ಒಂದರ ಮೇಲೊಂದು ಒತ್ತಿಕೊಂಡು ಮಲಗಿದ್ದವು. ಮೇವು ಮುಟ್ಟಿರಲಿಲ್ಲ. ಜ್ವರ ನೂರಾ ಆರು ಡಿಗ್ರಿ. ಹದಿನೈದು ದಿನದ ಹಿಂದೆ ಹೊರಗಿನಿಂದ ಒಂದು ಗಂಡು ಹಂದಿ ತಂದಿದ್ದಾಗಿ ಶಿವಣ್ಣ ಹೇಳಿದರು. ಆ ಮಾತಿಗೆ ನಾನು ಕೊಡಬೇಕಾದಷ್ಟು ಬೆಲೆ ಕೊಡಲಿಲ್ಲ. ಬ್ಯಾಕ್ಟೀರಿಯಾದ ಸೋಂಕು ಎಂದುಕೊಂಡು ಆಂಟಿಬಯೋಟಿಕ್ ಚುಚ್ಚಿ ಹೊರಟೆ.

ಅದೇ ಮಧ್ಯಾಹ್ನ ಸಾಕಮ್ಮನ ಕೊಟ್ಟಿಗೆಯಲ್ಲಿ ಕೆಲಸವಿತ್ತು. ಹುಟ್ಟಿ ಮೂರು ದಿನವಾದ ಹಂದಿಮರಿಗಳಿಗೆ ಕಬ್ಬಿಣಾಂಶದ ಇಂಜೆಕ್ಷನ್ ಕೊಡಬೇಕು. ತಾಯಿ ಹಾಲಿನಲ್ಲಿ ಅದು ಸಾಲುವುದಿಲ್ಲ. ದಾರಿಯಲ್ಲಿ ಸೋಪು ಹಚ್ಚಿ ಕೈ ತೊಳೆದುಕೊಂಡೆ. ಸೂಜಿ, ಸಿರಿಂಜ್ ಬೇರೆಯವೇ ಇದ್ದವು. ಕಾಲಲ್ಲಿ ಮಾತ್ರ ಬೆಳಗಿನ ಗಂಬೂಟುಗಳೇ. ಹುಲ್ಲಿಗೆ ಉಜ್ಜಿ ಕೆಸರು ತೆಗೆದು ಒಳಗೆ ಹೋದೆ. ಸಾಕಮ್ಮ ಬಾಗಿಲಲ್ಲೇ ನಿಂತಿದ್ದರು. ನನ್ನ ಕಾಲು ನೋಡಿದರು, ಏನೂ ಹೇಳಲಿಲ್ಲ.

ಶುಕ್ರವಾರ ಶಿವಣ್ಣನ ಎರಡು ಹಂದಿ ಸತ್ತವು. ಮಿಕ್ಕವುಗಳ ಕಿವಿ, ಹೊಟ್ಟೆಯ ಚರ್ಮ ನೇರಳೆ ಬಣ್ಣಕ್ಕೆ ತಿರುಗಿತ್ತು. ನಡೆದರೆ ಹಿಂಗಾಲು ತೂರಾಡುತ್ತಿದ್ದವು. ಮರಣೋತ್ತರ ಪರೀಕ್ಷೆ ಮಾಡಿದೆ. ಮೂತ್ರಪಿಂಡದ ತುಂಬ ಸೂಜಿಮೊನೆಯಷ್ಟು ಕೆಂಪು ಚುಕ್ಕೆಗಳು. ದೊಡ್ಡ ಕರುಳಿನ ಒಳಗೆ ಗುಂಡಿಯಾಕಾರದ ಹುಣ್ಣುಗಳು. ಕಾಲೇಜಿನ ಪುಸ್ತಕದಲ್ಲಿ ನೋಡಿದ್ದ ಚಿತ್ರವೇ ಕಣ್ಣ ಮುಂದಿತ್ತು. ಕ್ಲಾಸಿಕಲ್ ಸ್ವೈನ್ ಫೀವರ್, ಅಂದರೆ ಹಂದಿ ಜ್ವರ. ಇದು ವೈರಸ್ಸಿನಿಂದ ಬರುವ ರೋಗ. ಮನುಷ್ಯರಿಗೆ ಅಂಟುವುದಿಲ್ಲ, ಆದರೆ ಹಂದಿಗೆ ಬಂದರೆ ಔಷಧಿ ಇಲ್ಲ. ಬರುವ ಮುಂಚೆ ಲಸಿಕೆ ಹಾಕಿದ್ದರೆ ಹಂದಿ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ. ಆ ಲಸಿಕೆ ಆಗ ನಮ್ಮ ತಾಲ್ಲೂಕಿನಲ್ಲಿ ಸಿಗುತ್ತಿರಲಿಲ್ಲ.

ಗುಲ್ಮದ ಚೂರುಗಳನ್ನು ಐಸ್ ಡಬ್ಬಿಯಲ್ಲಿಟ್ಟು ಬೆಂಗಳೂರಿನ ಪ್ರಯೋಗಾಲಯಕ್ಕೆ ಕಳಿಸಿದೆ. ಸತ್ತವನ್ನು ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿಸಿದೆ. ಗುಂಡಿಯ ಪಕ್ಕ ನಿಂತಿದ್ದಾಗ ಸಾಕಮ್ಮನ ಕೊಟ್ಟಿಗೆ ನೆನಪಿಗೆ ಬಂತು. ಬೂಟು ಒರೆಸಿಕೊಂಡಿದ್ದೆನಲ್ಲ, ಏನೂ ಆಗಿರಲಾರದು ಎಂದು ನನಗೆ ನಾನೇ ಹೇಳಿಕೊಂಡೆ. ಫೋನ್ ಮಾಡಲಿಲ್ಲ. ಅಂದೇ ಮಾಡಿ, ಲಸಿಕೆಗೆ ಓಡಾಡಿದ್ದರೆ ಕೆಲವನ್ನಾದರೂ ಉಳಿಸಬಹುದಿತ್ತೇನೋ. ಹನ್ನೊಂದು ವರ್ಷದ ಸರ್ವಿಸಿನಲ್ಲಿ ನಾನು ಮಾಡಿದ ದೊಡ್ಡ ತಪ್ಪು ಬೂಟಿನದಲ್ಲ, ಆ ಮೌನದ್ದು.

ಮುಂದಿನ ಬುಧವಾರ ಸಾಕಮ್ಮನೇ ಫೋನ್ ಮಾಡಿದರು. “ಸಾ, ಮೂರು ಮರಿ ಮೇವು ಬುಟ್ಬುಟ್ಟವೆ. ಮೈ ಕೆಂಡ ಆಗೈತೆ. ಒಸಿ ಬಂದೋಗಿ.”

ಈ ಸಲ ಬೂಟು ತೊಳೆದು, ಕಾಸ್ಟಿಕ್ ಸೋಡಾ ಕದಡಿದ ನೀರಿನಲ್ಲಿ ಅದ್ದಿ ಒಳಗೆ ಹೋದೆ. ಥರ್ಮಾಮೀಟರ್ ಹಾಕುವ ಮೊದಲೇ ಗೊತ್ತಾಯಿತು. ಮರಿಗಳು ಶಿವಣ್ಣನ ಹಂದಿಗಳ ಹಾಗೆಯೇ ಒತ್ತಿಕೊಂಡು ಮಲಗಿದ್ದವು. ಹಂದಿ ಜ್ವರ ಎಂದೆ. ಹೇಗೆ ಬಂತು ಎಂದು ಅವರು ತಾವೇ ಲೆಕ್ಕ ಹಾಕತೊಡಗಿದರು. ಕುದಿಸದ ಮೇವಿಲ್ಲ. ಹೊಸ ಹಂದಿಯಿಲ್ಲ. ವ್ಯಾಪಾರಿಗಳು ಗೇಟು ದಾಟಿಲ್ಲ. ಎಲ್ಲ ಮುಗಿದ ಮೇಲೆ ನಿಧಾನವಾಗಿ ಕೇಳಿದರು:

“ಹದಿನೈದು ದಿವಸದಲ್ಲಿ ಹೊರಗಿನೋರು ಅಂತ ಒಳಕ್ಕೆ ಬಂದೋರು ನೀವೊಬ್ರೇ. ಅವತ್ತು ಎಲ್ಲಿಂದ ಬಂದ್ರಿ ಸಾ?”

ಹೇಳಿದೆ. ಶಿವಣ್ಣನ ಫಾರಂನಿಂದ, ಅದೇ ಬೂಟಿನಲ್ಲಿ ಬಂದೆ ಎಂದೆ. ಐದು ದಿನದ ಹಿಂದೆಯೇ ಅನುಮಾನ ಬಂದಿದ್ದರೂ ಫೋನ್ ಮಾಡಲಿಲ್ಲ ಎಂಬುದನ್ನೂ ಹೇಳಿದೆ.

ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಗೋಡೆಗೆ ಒರಗಿ ಕುಳಿತರು. “ಹುಳ ಸಾಕ್ತಿದ್ದಾಗ ಬ್ಲೀಚಿಂಗ್ ಪೌಡ್ರು ನೀರಲ್ಲಿ ಕಾಲು ಅದ್ದದೆ ನಮ್ಮ ಅತ್ತೇನೂ ಒಳಕ್ಕೆ ಬುಡ್ತಿರಲಿಲ್ಲ ನಾನು. ಅವತ್ತು ನಿಮ್ಮ ಬೂಟು ನೋಡ್ದೆ. ಬಾಯಿಗೆ ಬಂತು. ಡಾಕ್ಟ್ರಿಗೆ ಹೆಂಗೆ ಹೇಳೋದು ಅಂತ ಸುಮ್ಕಾದೆ.”

ಕೆಲಸ ಶುರು ಮಾಡಿದೆವು.

ಕೊಟ್ಟಿಗೆಯಿಂದ ಇನ್ನೂರು ಅಡಿ ದೂರದಲ್ಲಿ ಹಿಂದೆ ಹಿಪ್ಪುನೇರಳೆ ಸೊಪ್ಪು ಇಡುತ್ತಿದ್ದ ಕೋಣೆಯಿತ್ತು. ಗಬ್ಬವಾಗಿದ್ದ ಎರಡು ತಾಯಿ ಹಂದಿಗಳು ತಿಂಗಳಿಂದ ಅಲ್ಲೇ ಇದ್ದವು. ಅವಕ್ಕೆ ಜ್ವರವಿರಲಿಲ್ಲ. ರಾಜಣ್ಣ ರಜೆ ಹಾಕಿ ರೋಗದ ಹಂದಿಗಳನ್ನು ನೋಡಿಕೊಳ್ಳುವುದು, ಸಾಕಮ್ಮ ದೂರದ ಎರಡನ್ನು ಮಾತ್ರ ನೋಡುವುದು, ಒಬ್ಬರ ಬಕೆಟ್ಟು, ಪೊರಕೆಯನ್ನು ಇನ್ನೊಬ್ಬರು ಮುಟ್ಟಬಾರದು ಎಂದು ನಿಶ್ಚಯಿಸಿದೆವು. ಮಾರನೆಯ ದಿನ ನಾನೇ ಬೆಂಗಳೂರಿಗೆ ಹೋಗಿ ಫ್ಲಾಸ್ಕಿನಲ್ಲಿ ಐಸ್ ತುಂಬಿ ಲಸಿಕೆ ತಂದೆ. ಲಸಿಕೆ ಬಿಸಿಯಾದರೆ ನೀರಿಗೆ ಸಮ. ಮೊದಲು ರೋಗ ಕಾಣದ ಐದು ಫಾರಂಗಳಿಗೆ ಹಾಕಿ, ಬಟ್ಟೆ, ಬೂಟು ಬದಲಿಸಿ, ಕೊನೆಗೆ ಇಲ್ಲಿಗೆ ಬಂದೆ. ಒಂದು ಹಂದಿಗೆ ಒಂದು ಸೂಜಿ.

ಶನಿವಾರ ಇನ್ನೊಂದು ಪರೀಕ್ಷೆ ಬಂತು. ನಾನು ಅಲ್ಲಿದ್ದಾಗಲೇ ವ್ಯಾಪಾರಿಯೊಬ್ಬ ಟೆಂಪೋ ತಂದು ಗೇಟಿನಾಚೆ ನಿಲ್ಲಿಸಿದ. “ಅಕ್ಕಾ, ಚೆನ್ನಾಗಿರೋವು ಇಪ್ಪತ್ತು ಕೊಟ್ಬುಡಿ. ಮಾಗಡಿ ಕಡೆ ಹೊಸದಾಗಿ ಫಾರಂ ಮಾಡೋರು ಕಾಯ್ತಾವ್ರೆ. ನಾಳೆ ಇವೂ ಸತ್ರೆ ನಿಮಗೇನು ಸಿಕ್ತದೆ?” ಎಂದ.

ಅವನ ಮಾತು ಸುಳ್ಳಲ್ಲ. ಆ ಇಪ್ಪತ್ತು ಹೊರಗಿಂದ ನೋಡಲು ಗಟ್ಟಿಯಾಗೇ ಇದ್ದವು. ತಡೆಯುವ ಬಾಯಿ ನನಗಿರಲಿಲ್ಲ. ರೋಗ ತಂದವನು ನಾನು. ರಾಜಣ್ಣ ಹೆಂಡತಿಯ ಮುಖ ನೋಡಿದರು. ಸಾಕಮ್ಮ ತಡಮಾಡಲಿಲ್ಲ.

“ನಮ್ಮನೆಗೆ ಬಂದಿದ್ದು ನಮ್ಮನೇಲೇ ನಿಲ್ಲಲಿ ಕಣಪ್ಪ. ಗೊತ್ತಿದ್ದೂ ಗೊತ್ತಿದ್ದೂ ಇನ್ನೊಬ್ಬರ ಮನೆಗೆ ಕಳಿಸೋಕಾಗಲ್ಲ. ಗಾಡಿ ತಿರುಗಿಸ್ಕೊ.”

ಮುಂದಿನ ಮೂರು ವಾರದಲ್ಲಿ ಆ ಇಪ್ಪತ್ತರಲ್ಲಿ ಹದಿನಾಲ್ಕು ಸತ್ತವು. ಕೊಟ್ಟಿಗೆಯಲ್ಲಿ ಒಟ್ಟು ಮೂವತ್ತೊಂದು. ಬದುಕಿದ ಹನ್ನೆರಡರಲ್ಲೂ ವೈರಸ್ಸು ಉಳಿದಿರಬಹುದೆಂದು ಅವನ್ನೂ ಕೊಂದು ಹೂಳಿದೆವು. ದೂರದ ಕೋಣೆಯ ಎರಡು ತಾಯಿ ಹಂದಿಗಳು ಮಾತ್ರ ಉಳಿದವು. ಮಿಕ್ಕ ಐದು ಫಾರಂಗಳಲ್ಲಿ ಒಂದಕ್ಕೂ ಜ್ವರ ಹೋಗಲಿಲ್ಲ. ಪ್ರಯೋಗಾಲಯದ ವರದಿ ನನ್ನ ಅನುಮಾನವನ್ನೇ ಖಚಿತಪಡಿಸಿತು.

ಮೇಲಿನವರಿಗೆ ಕಳಿಸುವ ನಮೂನೆಯಲ್ಲಿ ‘ರೋಗದ ಮೂಲ’ ಎಂಬ ಕಾಲಂ ಇತ್ತು. ‘ತಿಳಿದುಬಂದಿಲ್ಲ’ ಎಂದು ಬರೆಯುವುದು ರೂಢಿ. ನನ್ನ ಹಿರಿಯ ಅಧಿಕಾರಿ ಒಳ್ಳೆಯವರು. ಹಾಗೇ ಬರೆದುಬಿಡಿ ಎಂದರು. ನಾನು ‘ಪಶುವೈದ್ಯಾಧಿಕಾರಿಯ ಗಂಬೂಟಿನ ಮೂಲಕ ಇರಬಹುದು’ ಎಂದು ಬರೆದು ಸಹಿ ಮಾಡಿದೆ. ವಿವರಣೆ ಕೇಳಿ ಪತ್ರ ಬಂತು. ವಿವರಣೆ ಕೊಟ್ಟೆ. ಅದರಿಂದ ನನಗೇನೂ ದೊಡ್ಡ ತೊಂದರೆಯಾಗಲಿಲ್ಲ.

ವಿದ್ಯೆಯಿದ್ದವನ ಮೇಲೆ ಜನ ಇಡುವ ಗೌರವಕ್ಕೂ ಒಂದು ಅಪಾಯವಿದೆ. ಅವನನ್ನು ಯಾರೂ ತಡೆಯುವುದಿಲ್ಲ. ಅಂಥವನು ತನ್ನನ್ನು ತಾನೇ ಬಾಗಿಲಲ್ಲಿ ತಡೆದು ಕೇಳಿಕೊಳ್ಳಬೇಕು. ಹಂದಿ ಜ್ವರ ನನಗೆ ಕಲಿಸಿದ್ದು ಅಷ್ಟು. ಕಲಿಸುವುದರಲ್ಲಿ ಸಾಕಮ್ಮನ ಪಾಲೂ ಇತ್ತು.

ಸುಣ್ಣ ಹೊಡೆದು, ಕೊಟ್ಟಿಗೆಯನ್ನು ಎರಡು ತಿಂಗಳು ಖಾಲಿ ಬಿಟ್ಟು, ಅವರು ಮತ್ತೆ ಶುರು ಮಾಡಿದರು. ಉಳಿದ ಆ ತಾಯಿ ಹಂದಿಗಳ ಮರಿಗಳಿಗೆ ಲಸಿಕೆ ಹಾಕಲು ನನ್ನನ್ನೇ ಕರೆಸಿದರು. ಬಾಗಿಲಲ್ಲಿ ಸಿಮೆಂಟಿನ ಸಣ್ಣ ತೊಟ್ಟಿ ಕಟ್ಟಿಸಿದ್ದರು. ಅದರಲ್ಲಿ ನಿಂತು ಬೂಟು ಅದ್ದಿಕೊಂಡು ಒಂದು ಕಾಲು ಮುಂದಿಟ್ಟೆ. ಸಾಕಮ್ಮ ಕೈ ಅಡ್ಡ ಹಿಡಿದರು.

“ಹಿಮ್ಮಡಿ ನೆಂದಿಲ್ಲ ಸಾ. ಇನ್ನೊಂದ್ ಕಿತ ಅದ್ದಿ.”

ಹಿಂದಕ್ಕೆ ಸರಿದು ಮತ್ತೆ ಅದ್ದಿದೆ. ಅವರು ಬಗ್ಗಿ ಎರಡೂ ಹಿಮ್ಮಡಿ ನೋಡಿ, ಆಮೇಲೆ ದಾರಿ ಬಿಟ್ಟರು.